ಮಕ್ಕಳ ಮೌನದ ಮೇಲೆ ನಾನು ಮಾಡಿದ ಸಂಶೋಧನೆ

ಶಾಲೆಗೊಬ್ಬರಂತೆ ಕ್ರಿಯಾ ಸಂಶೋಧನೆಯ ತರಬೇತಿಗೆ ಹೋಗಬೇಕು ಎಂದು ಆದೇಶ ಬಂದ ದಿನ ಮುಖ್ಯ ಶಿಕ್ಷಕರು ನಮ್ಮನ್ನೆಲ್ಲ ಕೂರಿಸಿಕೊಂಡು ವಿಷಯ ತಿಳಿಸಿದರು. ಉಳಿದವರೆಲ್ಲ ಕಿಟಕಿಯಾಚೆಯ ಹುಣಸೆಮರ ನೋಡುತ್ತಾ ಕೂತಿದ್ದರು. ನಾನು ಮಾತ್ರ, ‘ಕ್ರಿಯಾ ಸಂಶೋಧನೆ ಅಂದ್ರೆ ಏನು ಸಾರ್?’ ಎಂದು ಕೇಳಿದೆ.

‘ತಿಳ್ಕೊಂಡು ಬರೋಕೆ ನೀವೇ ಹೋಗಿ’ ಎಂದರು. ಸಭೆ ಮುಗಿಯಿತು.

ನಾನು ಸಮಾಜ ವಿಜ್ಞಾನದ ಟೀಚರು. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ, ತಲೆತಲಾಂತರದಿಂದ ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆಯಲ್ಲಿ. ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ಕೆಲಸ ಸಿಕ್ಕಿದ್ದು ನಾಗಮಂಗಲ ತಾಲ್ಲೂಕಿನಲ್ಲಿ, ಬಿಂಡಿಗನವಿಲೆ ಕಡೆಯ ಒಂದು ಪ್ರೌಢಶಾಲೆಯಲ್ಲಿ. ಹಾಗಾಗಿ ನನ್ನ ವೃತ್ತಿಜೀವನದ ಬಹುಪಾಲು ಬಸ್ಸಿನಲ್ಲಿ ಕಳೆದಿದೆ. ಬಸ್ಸಿನಲ್ಲೂ ನಾನು ಸುಮ್ಮನೆ ಕೂತವಳಲ್ಲ. ಪಕ್ಕದಲ್ಲಿ ಯಾರು ಕೂತರೂ ಇಳಿಯುವಷ್ಟರಲ್ಲಿ ಅವರಿಗೆ ಒಂದು ಪಾಠವಾದರೂ ಆಗಿರುತ್ತಿತ್ತು. ಅವರು ತಲೆಯಾಡಿಸುತ್ತಿದ್ದರು. ಆಸಕ್ತಿಯಿಂದ ಆಡಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಆ ರಸ್ತೆಯಲ್ಲಿ ಎಲ್ಲರ ತಲೆಯೂ ತಾನಾಗಿಯೇ ಆಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತರಬೇತಿ ನಾಗಮಂಗಲದಲ್ಲಿ ನಡೆಯಿತು. ಕಲಿಸಲು ಬಂದಿದ್ದ ಹೆಂಗಸು ನಿಧಾನವಾಗಿ, ಎಲ್ಲರಿಗೂ ಅರ್ಥವಾಗುವಂತೆ ಹೇಳಿದರು. ಇದು ದೊಡ್ಡ ದೊಡ್ಡವರು ಮಾಡುವ ಸಂಶೋಧನೆಯಲ್ಲ. ನಿಮ್ಮ ತರಗತಿಯಲ್ಲಿ ನಿಮ್ಮನ್ನು ಕಾಡುತ್ತಿರುವ ಒಂದು ಸಮಸ್ಯೆ ಹಿಡಿಯಿರಿ. ಒಂದು ಸಣ್ಣ ಬದಲಾವಣೆ ಮಾಡಿ. ಏನಾಗುತ್ತದೆ ಎಂದು ಗಮನಿಸಿ. ಆಗಲಿಲ್ಲವೆಂದರೆ ಇನ್ನೊಂದು ಬದಲಾವಣೆ ಮಾಡಿ ನೋಡಿ. ಸಂಶೋಧಕರೂ ನೀವೇ, ಶಾಲೆಯೂ ನಿಮ್ಮದೇ. ನನಗೆ ಇದು ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಊಟದ ಹೊತ್ತಿನಲ್ಲಿ ಅವರ ಪಕ್ಕದಲ್ಲೇ ಕೂತು ಕ್ರಿಯಾ ಸಂಶೋಧನೆ ಅಂದರೇನು ಎಂದು ಅವರಿಗೇ ವಿವರಿಸಿದೆ. ಪಾಪ, ಅವರ ತಟ್ಟೆಯ ಅನ್ನ ಆರಿಹೋಯಿತು.

ಮಧ್ಯಾಹ್ನ ಎಲ್ಲರೂ ತಂತಮ್ಮ ಸಮಸ್ಯೆ ಹೇಳಬೇಕಿತ್ತು. ಮಕ್ಕಳು ತಡವಾಗಿ ಬರುತ್ತಾರೆ, ಮಕ್ಕಳ ಕೈಬರಹ ಕೆಟ್ಟದಾಗಿದೆ, ಮಕ್ಕಳು ಹೋಂವರ್ಕು ಮಾಡುವುದಿಲ್ಲ, ಮಕ್ಕಳಿಗೆ ಮಗ್ಗಿ ಬರುವುದಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತು, ‘ನನ್ನ ತರಗತಿಯ ಮಕ್ಕಳು ಮಾತೇ ಆಡುವುದಿಲ್ಲ’ ಎಂದೆ. ವಿದ್ಯಾರ್ಥಿಗಳಲ್ಲಿನ ಮೌನ ಪ್ರವೃತ್ತಿ, ಅದರ ಕಾರಣಗಳು ಮತ್ತು ಪರಿಹಾರೋಪಾಯಗಳು ಎಂದು ಅಲ್ಲೇ ಶೀರ್ಷಿಕೆ ಕಟ್ಟಿದೆ. ಆ ಹೆಂಗಸು ನನ್ನನ್ನೇ ಒಂದು ಗಳಿಗೆ ನೋಡಿದರು. ‘ಒಳ್ಳೆ ವಿಷಯ, ಮಾಡಿ’ ಎಂದರು. ಅವರ ತುಟಿಯಂಚಿನಲ್ಲಿ ಇದ್ದದ್ದು ಮೆಚ್ಚುಗೆ ಎಂದುಕೊಂಡೆ.

ಕೆಲಸ ಶುರು ಮಾಡಿದೆ. ಎಂಟನೇ ತರಗತಿಯನ್ನು ಆರಿಸಿಕೊಂಡೆ. ಮಕ್ಕಳ ಮೌನಕ್ಕೆ ಕಾರಣಗಳನ್ನು ಊಹಿಸಿದೆ. ಹಳ್ಳಿಯ ಹಿನ್ನೆಲೆ, ಸಂಕೋಚ, ಮನೆಯಲ್ಲಿ ಪ್ರೋತ್ಸಾಹದ ಕೊರತೆ. ಪರಿಹಾರದ ಮೊದಲ ಹೆಜ್ಜೆಯಾಗಿ ‘ತರಗತಿಯಲ್ಲಿ ಮಾತನಾಡುವುದರ ಮಹತ್ವ’ ಎಂಬ ವಿಷಯದ ಮೇಲೆ ಒಂದು ಪೂರ್ತಿ ಪೀರಿಯಡ್ಡು ಮಾತನಾಡಿದೆ. ಗ್ರೀಸಿನಿಂದ ಹಿಡಿದು ನಮ್ಮ ಗ್ರಾಮಸಭೆಯವರೆಗೆ ಬಂದೆ. ಗಂಟೆ ಹೊಡೆಯಿತು. ‘ಏನಾದ್ರೂ ಪ್ರಶ್ನೆ ಇದೆಯಾ?’ ಎಂದೆ. ಯಾರೂ ಬಾಯಿ ಬಿಡಲಿಲ್ಲ. ‘ನೋಡಿ, ಇದನ್ನೇ ನಾನು ಹೇಳ್ತಿರೋದು’ ಎಂದು ಹೊರಬಂದೆ.

ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಗಣಿತದ ಮೇಷ್ಟ್ರಿಗೂ ಅದೇ ಹೊತ್ತಿಗೆ ಬಿಡುವಾಯಿತು. ಅವರು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯವರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ನಂತರ ಬೀಜಗಣಿತ ಕಲಿಸುವವರು. ನಾಲಿಗೆ ಊರಿನದೇ, ಅದನ್ನು ಶಾಲೆಗಾಗಿ ಬದಲಾಯಿಸಿಕೊಂಡವರಲ್ಲ. ಅವರ ಹತ್ತಿರ ನನ್ನ ಸಂಶೋಧನೆಯ ಕಷ್ಟ ತೋಡಿಕೊಂಡೆ.

‘ಮೇಡಂ, ತಪ್ಪು ತಿಳ್ಕಬ್ಯಾಡಿ’ ಎಂದರು. ‘ಗ್ವಾಡೆ ಆಚೆಯಿಂದ ದಿನಾ ಕೇಳ್ತಾವ್ನಿ. ನಿಮ್ಮ ಸಿಂಧೂ ನಾಗರಿಕತೆ ನಂಗೂ ಬಾಯಿಪಾಠ ಆಗ್ಬುಟ್ಟದೆ. ಒಂದ್ಸಲ ನಿಮ್ಮ ಪಾಠವ ಫೋನಲ್ಲಿ ರೆಕಾರ್ಡ್ ಮಾಡ್ಕಂಡು ನೀವೇ ಕೇಳಿ.’

ಸಂಶೋಧನೆಗೆ ಸಾಕ್ಷ್ಯ ಬೇಕು ಎಂದು ತರಬೇತಿಯಲ್ಲೂ ಹೇಳಿದ್ದರು. ಮಕ್ಕಳ ಮೌನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಇನ್ನೇನು ಎಂದುಕೊಂಡೆ. ಮುಖ್ಯ ಶಿಕ್ಷಕರಿಗೂ ಮಕ್ಕಳಿಗೂ ಹೇಳಿ, ಮರುದಿನ ಫೋನನ್ನು ಮೇಜಿನ ಮೇಲಿನ ಗ್ಲೋಬಿಗೆ ಒರಗಿಸಿಟ್ಟು ಪಾಠ ಮಾಡಿದೆ.

ಸಂಜೆ ನಾಗಮಂಗಲದಿಂದ ಪಾಂಡವಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡೆ. ಬಸ್ಸಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಧ್ವನಿ ಪೂರ್ತಿ ಏರಿಸಿದೆ. ಏರಿಸಿದರೂ ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತಿತ್ತು. ಇಯರ್‌ಫೋನಿನ ತುದಿ ಫೋನಿನೊಳಗೆ ಸರಿಯಾಗಿ ಕೂತಿರಲಿಲ್ಲ. ನನ್ನ ಕಿವಿಗಳು ಮುಚ್ಚಿದ್ದವು, ಬಸ್ಸಿನವರ ಕಿವಿಗಳು ತೆರೆದಿದ್ದವು.

‘ನದಿಗಳ ದಡದಲ್ಲೇ ನಾಗರಿಕತೆಗಳು ಯಾಕೆ ಹುಟ್ಟಿದವು? ಯಾರು ಹೇಳ್ತೀರಿ? ಯಾರೂ ಹೇಳಲ್ವಾ? ಸರಿ, ನಾನೇ ಹೇಳ್ತೀನಿ.’ ಒಂದು ಉಸಿರಿನಷ್ಟೂ ಅಂತರವಿಲ್ಲ. ಪ್ರಶ್ನೆ ಕೇಳಿದವಳು ಅದೇ ಉಸಿರಿನಲ್ಲಿ ಉತ್ತರವನ್ನೂ ಹೇಳಿ, ‘ಅರ್ಥ ಆಯ್ತಲ್ವಾ? ಆಯ್ತು’ ಎಂದು ತಾನೇ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದಳು. ಮತ್ತೆ ಪ್ರಶ್ನೆ, ಮತ್ತೆ ‘ನಾನೇ ಹೇಳ್ತೀನಿ’. ಮಕ್ಕಳ ಮೌನವನ್ನು ಹುಡುಕುತ್ತಾ ಕೇಳಿದೆ. ಮೌನಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಸೀಟಿನ ವಯಸ್ಸಾದ ಹೆಂಗಸು ತಿರುಗಿ ನನ್ನ ತೋಳು ಮುಟ್ಟಿದರು. ಇಯರ್‌ಫೋನು ತೆಗೆದೆ. ಆಗ ನನ್ನ ಧ್ವನಿ ಬಸ್ಸಿನ ತುಂಬ ತುಂಬಿಕೊಂಡಿರುವುದು ಗೊತ್ತಾಯಿತು.

‘ಯಾರವ್ವ ಆವಮ್ಮ? ನಾಗಮಂಗಲದಿಂದ ಒಂದೇ ಸಮ್ಕೆ ಮಾತಾಡ್ತಾವ್ಳೆ. ಒಸಿ ಉಸ್ರು ಬುಡ್ಬಾರ್ದಾ?’

‘ಯಾರೋ ಭಾಷಣ ಮಾಡ್ತಿದ್ದಾರೆ ಅಜ್ಜಿ’ ಎಂದು ಫೋನು ಆರಿಸಿದೆ.

‘ಆವಮ್ಮನ ಮನೇವ್ರು ಎಂಗಿದಾರೋ’ ಎಂದು ಅವರು ಪಕ್ಕದವರಿಗೆ ಹೇಳಿ ಮುಂದಕ್ಕೆ ತಿರುಗಿದರು. ಉಳಿದ ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಧ್ವನಿ ಗುರುತು ಸಿಕ್ಕಿಬಿಟ್ಟರೆ ಎಂಬ ಭಯ.

ಮನೆಯವರು ಹೇಗಿದ್ದಾರೋ ಎಂಬ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ನನ್ನ ಗಂಡ ಪಾಂಡವಪುರದಲ್ಲೇ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಬಹಳ ಮಿತಭಾಷಿ. ಅವರ ಸ್ವಭಾವವೇ ಹಾಗೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ಸಂಜೆ ಕಾಫಿ ಕೊಟ್ಟು, ‘ಕಾಫಿ ಹೇಗಿದೆ?’ ಎಂದು ಕೇಳಿ, ‘ಚೆನ್ನಾಗಿದೆ ಅಲ್ವಾ’ ಎಂಬ ಮುಂದಿನ ಮಾತನ್ನು ಹಲ್ಲು ಕಚ್ಚಿ ತಡೆದು ನಿಂತೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಮತ್ತೆ ಲೋಟ ನೋಡಿದರು. ಏನೋ ಆಗಿದೆ ಎಂದು ಅವರಿಗೂ ಅನ್ನಿಸಿರಬೇಕು.

ಕೊನೆಗೆ, ‘ನಂಗೆ ಟೀ ಇಷ್ಟ’ ಎಂದರು.

‘ಯಾವಾಗಿಂದ?’

‘ಮೊದಲಿಂದಾನೂ.’

ನಮ್ಮ ಮಗ ಅಷ್ಟು ಹೊತ್ತಿಗೆ ಪಾಲಿಟೆಕ್ನಿಕ್ಕಿಗೆ ಸೇರಿದ್ದ. ಅಷ್ಟು ವರ್ಷ ದಿನಕ್ಕೆರಡು ಲೋಟ ಕಾಫಿ ಕುಡಿದ ಮನುಷ್ಯ ಎದುರಿಗೆ ಕೂತಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಲು ಹೋಗಿ, ಆ ಪ್ರಶ್ನೆಗೆ ನಾನೇ ಉತ್ತರ ಹೇಳಿಬಿಡುವ ಅಪಾಯವಿದ್ದುದರಿಂದ ಎದ್ದು ಹೋಗಿ ಟೀ ಇಟ್ಟೆ.

ಮರುದಿನದಿಂದ ಯೋಜನೆ ಬದಲಾಯಿತು. ಪ್ರಶ್ನೆ ಕೇಳಬೇಕು, ಕಾಯಬೇಕು. ಅಷ್ಟೇ ಬದಲಾವಣೆ. ಹೇಳಲು ಸುಲಭ. ಮೊದಲ ದಿನ ಪ್ರಶ್ನೆ ಕೇಳಿ ಬಾಯಿ ಮುಚ್ಚಿ ನಿಂತೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಡಸ್ಟರು ಹಿಡಿದುಕೊಂಡೆ. ಮಕ್ಕಳು ಮೊದಲು ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ನನಗೆ ಸಿಟ್ಟು ಬಂದಿದೆ ಎಂದು ಹಿಂದಿನ ಬೆಂಚಿನವರು ನೆಟ್ಟಗೆ ಕೂತರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ಬಂದು ತನ್ನ ನೀರಿನ ಬಾಟಲಿ ನನ್ನ ಮುಂದೆ ಇಟ್ಟು ಹೋದಳು. ವರಾಂಡದಲ್ಲಿ ಹೋಗುತ್ತಿದ್ದ ಮುಖ್ಯ ಶಿಕ್ಷಕರು ಬಾಗಿಲಲ್ಲಿ ನಿಂತು, ‘ಏನ್ ಮೇಡಂ, ಹುಷಾರಿಲ್ವಾ? ಬೇಕಾದ್ರೆ ಇವತ್ತು ಬೇಗ ಹೊರಡಿ’ ಎಂದರು. ನನ್ನ ಕೋಣೆಯಿಂದ ಸದ್ದು ಬಾರದಿದ್ದರೆ ಕಾಯಿಲೆಯ ಮಾತು ಬರುವಷ್ಟು ಹೆಸರು ಸಂಪಾದಿಸಿದ್ದೆ.

ಆದರೂ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಬಾಯಿ ಬಿಡತೊಡಗಿದರು. ಒಂದು ಮಾತು ಹೇಳಿ ಥಟ್ಟನೆ ನಿಲ್ಲಿಸಿಬಿಡುತ್ತಿದ್ದರು. ಯಾಕಿರಬಹುದು ಎಂದು ಮತ್ತೆ ರೆಕಾರ್ಡು ಮಾಡಿದೆ. ಈ ಸಲ ಬಸ್ಸಿನಲ್ಲಿ ಕೇಳುವ ಧೈರ್ಯವಾಗದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ.

ಒಬ್ಬ ಹುಡುಗ ಹೇಳುತ್ತಿದ್ದ: ‘ಅರಪ್ಪದಲ್ಲಿ ಮೇಡಂ, ಮನೆ ನೀರು ಓಗಕ್ಕೆ ಚರಂಡಿ...’

ನನ್ನ ಧ್ವನಿ: ‘ಹರಪ್ಪ. ಹ. ಹೇಳು, ಹ.’

‘ಹ.’

‘ಎಲ್ಲರೂ ಹೇಳಿ.’

‘ಹ, ಹ, ಹ’ ಎಂದು ತರಗತಿಯೆಲ್ಲ ಒಕ್ಕೊರಲಲ್ಲಿ ಕೂಗಿತು. ಅಡುಗೆಮನೆಯಿಂದ ಗಂಡ ಬಂದು ಬಾಗಿಲು ತಟ್ಟಿ, ಯಾರು ಅಷ್ಟೊಂದು ನಗುತ್ತಿರುವುದು ಎಂದು ಕೇಳಿದರು.

ಆ ಚರಂಡಿಯ ಬಗ್ಗೆ ಹುಡುಗ ಏನು ಹೇಳಲು ಹೊರಟಿದ್ದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನ ಕೇಳಿದರೆ ಮರೆತುಹೋಯಿತೆಂದ. ನಮ್ಮ ಮನೆಯಲ್ಲಿ ಹಕಾರ ಬಿಟ್ಟರೆ ತಂದೆಯವರು ಊಟದ ನಡುವೆ ನಿಲ್ಲಿಸಿ ಹೇಳಿಸುತ್ತಿದ್ದರು. ನಾನು ಆ ಪದ್ಧತಿಯನ್ನು ಬುತ್ತಿ ಕಟ್ಟಿಕೊಂಡು ಕಾವೇರಿ ದಂಡೆಯಿಂದ ಕುರಿ ಮೇಯುವ ಈ ಬಯಲಿನವರೆಗೂ ತಂದಿದ್ದೆ. ಹಕಾರ ಬರೆಯುವಾಗ ತಿದ್ದುವುದು, ಮಾತಾಡುವಾಗ ಸುಮ್ಮನಿರುವುದು ಎಂದು ನಿಶ್ಚಯಿಸಿದೆ. ಮೊದಮೊದಲು ಯಾರಾದರೂ ‘ಅಳ್ಳಿ’ ಎಂದರೆ ಅಂಗಾಲು ಕೆರೆದಂತಾಗುತ್ತಿತ್ತು. ಸಹಿಸಿಕೊಂಡೆ.

ಒಂದು ದಿನ ಅದೇ ಪಾಠ ಪುನರಾವರ್ತನೆಗೆ ಬಂತು. ನದಿಯ ದಡದಲ್ಲೇ ಜನ ಯಾಕೆ ನೆಲೆಸಿದರು ಎಂದು ಕೇಳಿ ಕಾದೆ. ಕಾಯುವುದು ಅಷ್ಟರಲ್ಲಿ ಸ್ವಲ್ಪ ಅಭ್ಯಾಸವಾಗಿತ್ತು. ನೀರಿಗೆ, ಬೇಸಾಯಕ್ಕೆ, ದನಕರುಗಳಿಗೆ ಎಂದು ಉತ್ತರಗಳು ಬಂದವು. ಸರಿ ಎಂದು ಮುಂದಿನ ಪ್ರಶ್ನೆಗೆ ಹೋಗುವವಳಿದ್ದೆ. ಆಗ ಗೋಡೆ ಪಕ್ಕದ ಹುಡುಗಿ ಎದ್ದು ನಿಂತಳು. ಕುರಿ ಸಾಕುವವರ ಮನೆಯವಳು. ಹಾಜರಿ ಕರೆದಾಗ ಬಿಟ್ಟರೆ ಅವಳ ಧ್ವನಿ ನಾನು ಕೇಳಿರಲಿಲ್ಲ.

‘ಮೇಡಂ, ನಮ್ಮೂರಲ್ಲಿ ಒಳೆ ಇಲ್ವಲ್ಲ. ಒಳೆ ಪಕ್ಕ ಅಷ್ಟೊಂದು ಜಾಗ ಇದ್ರೂವೆ ನಮ್ಮೋರು ಯಾಕ್ ಇಲ್ಲಿಗ್ ಬಂದ್ರು?’

ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಹೊಳೆ ಎರಡು ಕಡೆಯಿಂದ ಸುತ್ತಿಕೊಂಡು ಹರಿಯುವ ಊರಿನಲ್ಲಿ ಹುಟ್ಟಿದವಳಿಗೆ ಜನ ನೀರಿನ ಪಕ್ಕ ಇರುವುದು ಸಹಜವಾಗಿ ಕಂಡಿತ್ತು. ನೀರಿಲ್ಲದ ಕಡೆ ಯಾಕೆ ಇದ್ದಾರೆ ಎಂದು, ದಿನವೂ ಅಲ್ಲಿಗೆ ಬಂದು ಹೋದರೂ, ಯೋಚಿಸಿರಲಿಲ್ಲ. ಅಲ್ಲಿಯವರೆಗಿನ ನನ್ನ ಮೌನವೆಲ್ಲ ಕಷ್ಟಪಟ್ಟು ನಟಿಸಿದ್ದು. ಆವತ್ತಿನದು ಮಾತ್ರ ಅಸಲಿ.

‘ನಂಗೆ ಗೊತ್ತಿಲ್ಲಮ್ಮ’ ಎಂದೆ.

ತರಗತಿ ನಂಬಲಿಲ್ಲ. ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡರು. ನಿಜವಾಗಿಯೂ ಗೊತ್ತಿಲ್ಲ ಎಂದು ಮತ್ತೊಮ್ಮೆ ಹೇಳಿದ ಮೇಲೆ ಒಬ್ಬ ಶುರು ಮಾಡಿದ. ‘ಕುರಿಗೆ ಉಲ್ಲು ಸಿಗ್ತದೆ ಅಂತ ಬಂದಿರ್ಬೇಕು.’ ಇನ್ನೊಬ್ಬ, ‘ಕೆರೆ ಕಟ್ಟುದ್ ಮ್ಯಾಲೆ ಬಂದವ್ರೆ ಕಣ್ಲಾ.’ ‘ಇಲ್ಲ ಕಣ್ಲಾ, ಜನ ಬಂದ್ ಮ್ಯಾಲಲ್ವಾ ಕೆರೆ ಕಟ್ಟದು?’ ಹಿಂದಿನ ಬೆಂಚಿನಿಂದ, ‘ಒಳೆ ತಾವ ಇದ್ದೋರು ಓಡಿಸ್ಬುಟ್ರೇನೋ.’ ಕೆರೆ ಮೊದಲೋ ಊರು ಮೊದಲೋ ಎಂದು ಜಗಳವೇ ಹತ್ತಿಕೊಂಡಿತು. ಗಂಟೆ ಹೊಡೆದರೂ ನಿಲ್ಲಲಿಲ್ಲ. ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಹೇಳಿ ತಪ್ಪಿಸಿಕೊಂಡೆ.

ಕೇಳಿಕೊಂಡು ಬಂದರು. ಒಂದು ಮನೆಯವರು ಅಣ್ಣತಮ್ಮಂದಿರ ಜಗಳದಲ್ಲಿ ಊರು ಬಿಟ್ಟು ಬಂದವರಂತೆ. ಇನ್ನೊಂದು ಮನೆಯವರು ಹೆಣ್ಣು ಕೊಟ್ಟ ಮನೆಗೆ ಬಂದು ಅಲ್ಲೇ ಉಳಿದವರು. ಪ್ರಶ್ನೆ ಕೇಳಿದ ಹುಡುಗಿಗೆ ಅವಳ ಅಪ್ಪ, ‘ಸುಮ್ನೆ ಓದ್ಕೊ’ ಎಂದನಂತೆ. ಅವಳು ಸುಮ್ಮನಾಗದೆ ಅಜ್ಜಿಯ ಬೆನ್ನು ಹತ್ತಿ, ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದವರು ಒಂದು ಬೇಸಿಗೆ ಇಲ್ಲಿನ ಕೆರೆಯಲ್ಲಿ ನೀರು ಕಂಡು ನಿಂತುಬಿಟ್ಟರೆಂಬ ಕಥೆ ತಂದಿದ್ದಳು. ನಿಂತು ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಮುಂದೆ ನಿಂತು ನೋಡಿದ್ದರೆ ಎಲ್ಲಿ ನಡುವೆ ಬಾಯಿ ಹಾಕಿಬಿಡುತ್ತಿದ್ದೆನೋ ಎಂದು.

‘ನಿಮ್ಮೋರು ಯಾಕ್ ಬಂದ್ರು ಮೇಡಂ ಪಟ್ಣಕ್ಕೆ?’ ಎಂದು ಮಕ್ಕಳು ನನ್ನನ್ನೂ ಕೇಳಿದರು. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ತಂದೆಯವರನ್ನು ಕೇಳಿದೆ. ಬೆಳಗಿನ ತಿಂಡಿಗೆ ಶುರು ಮಾಡಿದವರು ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವವರೆಗೂ ನಿಲ್ಲಿಸಲಿಲ್ಲ. ನಡುನಡುವೆ ತಾವೇ ಪ್ರಶ್ನೆ ಕೇಳಿಕೊಂಡು ತಾವೇ ಉತ್ತರ ಹೇಳಿಕೊಂಡರು. ಅಮ್ಮ ಒಳಗೆ ತನ್ನ ಪಾಡಿಗೆ ತಾನು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾವು ಯಾಕೆ ಬಂದೆವೆಂಬುದು ನನಗೆ ಪೂರ್ತಿ ತಿಳಿಯಲಿಲ್ಲ. ನಾನು ಯಾಕೆ ಹೀಗಾದೆ ಎಂಬುದು ತಿಳಿಯಿತು.

ಸಂಶೋಧನೆ ಹಂಚಿಕೊಳ್ಳುವ ಸಭೆಯನ್ನು ಕೆ.ಆರ್. ಪೇಟೆಯಲ್ಲಿ ಇಟ್ಟುಕೊಂಡಿದ್ದರು. ಬೇರೆ ಬೇರೆ ತಾಲ್ಲೂಕಿನವರು ಬಂದಿದ್ದರು. ಗಣಿತದ ಮೇಷ್ಟ್ರೂ ನೋಡಲು ಬಂದಿದ್ದರು. ಒಬ್ಬೊಬ್ಬರಿಗೂ ಕಾಲು ಗಂಟೆ. ನಾನು ವೇದಿಕೆ ಹತ್ತಿ, ಶಿಕ್ಷಕರು ಮಾತು ಕಡಿಮೆ ಮಾಡಿದರೆ ಮಕ್ಕಳ ಮಾತು ಹುಟ್ಟುತ್ತದೆ ಎಂಬುದನ್ನು ಹೇಳತೊಡಗಿದೆ. ಹುರುಪಿತ್ತು. ಬಸ್ಸಿನ ಪ್ರಸಂಗ ಹೇಳಿದೆ, ಜನ ನಕ್ಕರು, ಇನ್ನಷ್ಟು ಹುರುಪಾಯಿತು. ಗಂಟೆ ಬಾರಿಸಿದರಂತೆ, ಕೇಳಿಸಲಿಲ್ಲ. ಚೀಟಿ ಕಳಿಸಿದರು, ಅದನ್ನು ಓದದೆ ಕೈಯಲ್ಲಿ ಹಿಡಿದುಕೊಂಡೇ ಮಾತು ಮುಂದುವರಿಸಿದೆ. ಕೊನೆಗೆ ಅಧ್ಯಕ್ಷತೆ ವಹಿಸಿದ್ದವರು ಎದ್ದು ಬಂದು ಪಕ್ಕದಲ್ಲಿ ನಿಂತರು. ನನಗೆ ಆಗ ಎಚ್ಚರವಾಯಿತು.

‘ಕಡಿಮೆ ಮಾತಾಡೋದರ ಬಗ್ಗೆ ಮೇಡಂ ಬಹಳ ವಿಸ್ತಾರವಾಗಿ ಹೇಳಿದ್ದಾರೆ’ ಎಂದು ಅವರು ಮೈಕು ತೆಗೆದುಕೊಂಡರು. ನನ್ನ ನಂತರ ಮಾತಾಡಬೇಕಿದ್ದ ಇಬ್ಬರನ್ನು ಮಧ್ಯಾಹ್ನಕ್ಕೆ ಹಾಕಿದರು. ಆ ಇಬ್ಬರು ಊಟದ ಸಾಲಿನಲ್ಲಿ ನನ್ನ ಮುಖ ನೋಡಲಿಲ್ಲ.

ಇನ್ನೊಂದು ತಕರಾರೂ ಬಂತು. ಶೀರ್ಷಿಕೆಯಲ್ಲಿ ವಿದ್ಯಾರ್ಥಿಗಳ ಸಮಸ್ಯೆ ಎಂದಿದೆ, ತೀರ್ಮಾನದಲ್ಲಿ ಶಿಕ್ಷಕರ ಸಮಸ್ಯೆ ಎಂದಾಗಿದೆ, ಎರಡೂ ಹೊಂದುವುದಿಲ್ಲ, ಸರಿಪಡಿಸಿ ಕೊಡಿ ಎಂದು ಒಬ್ಬರು ಹೇಳಿದರು. ನಾನು ಉತ್ತರ ಹೇಳಲು ಎದ್ದೆ. ನಾಗಮಂಗಲದಲ್ಲಿ ಕಲಿಸಿದ್ದ ಆ ಹೆಂಗಸು ದೂರದಿಂದಲೇ ಕೂರಿ ಎಂದು ಕೈಸನ್ನೆ ಮಾಡಿದರು. ‘ಹೊಂದದೇ ಇರೋದೇ ಅವರ ಫಲಿತಾಂಶ, ಹಾಗೇ ಇರಲಿ’ ಎಂದು ಅವರೇ ಹೇಳಿದರು. ಆರು ಪದದಲ್ಲಿ ಮುಗಿಯಿತು. ನಾನಾಗಿದ್ದರೆ ಮತ್ತೊಂದು ಕಾಲು ಗಂಟೆ ಬೇಕಾಗುತ್ತಿತ್ತು.

ಸಭೆ ಮುಗಿದ ಮೇಲೆ ಗಣಿತದ ಮೇಷ್ಟ್ರು ನಮ್ಮಲ್ಲಿ ಕೆಲವರನ್ನು ಗೋವಿಂದನಹಳ್ಳಿಗೆ ಕರೆದುಕೊಂಡು ಹೋದರು. ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಪಂಚಲಿಂಗೇಶ್ವರ ದೇವಸ್ಥಾನ ನೋಡಲು ಹೋದೆವು. ಸಾಲಾಗಿ ಐದು ಗರ್ಭಗುಡಿ. ಒಳಗೆ ತಂಪು. ಹೊಯ್ಸಳರ ವಾಸ್ತುಶೈಲಿ ಎಂದರೆ ಎಂದು ನಾನು ಬಾಯಿ ತೆರೆದೆ. ಆ ಕಂಬಗಳ ನಡುವೆ ಆಡಿ ಬೆಳೆದ ಮನುಷ್ಯ ನನ್ನ ಕಡೆ ನೋಡಿ, ‘ಮೇಡಂ, ಒಸಿ ನೋಡಕ್ ಬುಡಿ’ ಎಂದರು. ಅಷ್ಟಕ್ಕೇ ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಮ್ಮನೆ ಒಂದು ಸುತ್ತು ಬಂದೆ. ಒಂದು ಕಂಬದ ಬುಡದಲ್ಲಿ ಇರುವೆ ಸಾಲು ಹೋಗುತ್ತಿತ್ತು. ಅದನ್ನು ನೋಡಿದ್ದೂ ಲಾಭವೇ.

ಎಂಟನೆಯವರು ಒಂಬತ್ತಕ್ಕೆ ಹೋದರು. ಬಹಳ ಮಾತಾಡುತ್ತಾರೆ ಎಂದು ಈಗ ಉಳಿದ ಟೀಚರುಗಳು ನನಗೆ ದೂರು ಹೇಳುತ್ತಾರೆ. ಕುರಿಮನೆಯ ಹುಡುಗಿ ವಿಜ್ಞಾನದ ಮೇಷ್ಟ್ರನ್ನು ಏನೋ ಕೇಳಿದ್ದಕ್ಕೆ ಅವರು ಒಂದು ವಾರ ಪುಸ್ತಕ ಹುಡುಕಿದರಂತೆ. ಅದಕ್ಕೂ ನಾನೇ ಕಾರಣವಂತೆ. ಒಪ್ಪಿಕೊಂಡಿದ್ದೇನೆ.

ನನ್ನ ಮುಂದೆ ಈಗ ಹೊಸ ಎಂಟನೇ ತರಗತಿ. ಮತ್ತೆ ಮೊದಲಿನಿಂದ. ಮೊನ್ನೆ ಒಂದು ಪ್ರಶ್ನೆ ಕೇಳಿ, ಡಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಾ ನಿಂತೆ. ಹೊರಗೆ ಯಾವುದೋ ಟ್ರಾಕ್ಟರು ಹೋಯಿತು. ಫ್ಯಾನು ತಿರುಗುತ್ತಿತ್ತು. ಒಬ್ಬಳು ಜಡೆಯ ತುದಿ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಇನ್ನೂ ಕಾದೆ, ಬಹಳ ಹೆಮ್ಮೆಯಿಂದಲೇ ಕಾದೆ. ಕೊನೆಗೆ ನಡುವಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ಏನ್ ಕೇಳುದ್ರಿ ಮೇಡಂ?’

ಹೇಳಬೇಕೆಂದು ನೋಡಿದೆ. ನನಗೂ ಮರೆತುಹೋಗಿತ್ತು. ಯಾರಿಗಾದರೂ ನೆನಪಿದೆಯಾ ಎಂದು ತರಗತಿಯನ್ನು ಕೇಳಿ, ಮತ್ತೆ ಕಾಯುತ್ತಾ ನಿಂತೆ.